ಗುಂಡಿನ ಆಯ್ಕೆ ಮತ್ತು ಬೇಟೆಗಾರನ ಹೊಣೆ



ನನ್ನ ಜೊತೆ ದರ್ಸಿನಲ್ಲಿ ಕಲಿತ ಮಿತ್ರನೊಬ್ಬ ಈಗ ಅಮೆರಿಕದ ಕೊಲರಾಡೊದಲ್ಲಿ ನೆಲೆಸಿದ್ದಾನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಮತ್ತು ಅದರ ತಿದ್ದುಪಡಿಗಳಿಂದ ಬೇಟೆ ನಿಷಿದ್ಧವಾಗಿದೆ. ಅಲ್ಲಿ ಹಾಗಲ್ಲ, ಪರವಾನಿಗೆ ಪಡೆದವರು ಎಲ್ಕ್ ಎಂಬ ಕಡವೆಗಿಂತಲೂ ದೊಡ್ಡ ಮೃಗವನ್ನು ಹೊಡೆದು ಮಾಂಸವನ್ನು ಮನೆಗೆ ಒಯ್ಯುತ್ತಾರೆ. ಗುಂಡಿಗೆ ಸತ್ತ ಮೃಗ ಹಲಾಲೇ ಎಂದು ಅವನು ಕೇಳಿದ್ದ. ಅದಕ್ಕೆ ಕಿತಾಬಿನಲ್ಲಿರುವುದನ್ನು ಬರೆದು ಕಳಿಸಿದೆ. ಬಾಣ ಚುಚ್ಚಿ ಒಳಹೊಕ್ಕು ಕೊಂದರೆ ತಿನ್ನಬಹುದು, ಅಡ್ಡವಾಗಿ ಬಡಿದು ಕೊಂದರೆ ತಿನ್ನಬಾರದು ಎಂದು ಪ್ರವಾದಿವರ್ಯರು(ಸ) ಅದಿಯ್ಯ್ ಬಿನ್ ಹಾತಿಮ್(ರ)ರಿಗೆ ತಿಳಿಸಿದ್ದರು. ಸೀಸದ ಗುಂಡು ಇವೆರಡರಲ್ಲಿ ಯಾವುದಕ್ಕೆ ಸೇರುತ್ತದೆಂಬುದರಲ್ಲಿ ನಂತರದ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಅದು ಸೀಳಿಕೊಂಡು ಹೋಗುತ್ತದೆ, ಆದ್ದರಿಂದ ಹಲಾಲ್ ಎಂದವರು ಯಮನಿನ ಇಮಾಮ್ ಶೌಕಾನಿ. ಹನಫೀ ವಿದ್ವಾಂಸ ಇಬ್ನು ಆಬಿದೀನ್ ಅದನ್ನು ಒಪ್ಪಲಿಲ್ಲ. ಆ ಚರ್ಚೆಯನ್ನು ಇಲ್ಲಿ ಬೆಳೆಸುವುದಿಲ್ಲ, ನಿಮ್ಮ ಊರಿನ ಉಲಮಾಗಳಲ್ಲಿ ಕೇಳಿಕೊಳ್ಳಿ.

ಅವನ ಎರಡನೆಯ ಪತ್ರ ನನ್ನ ನಿದ್ದೆಗೆಡಿಸಿತು. ಒಂದು ಎಲ್ಕ್‌ಗೆ ಸುಮಾರು 730 ಮೀಟರ್ ದೂರದಿಂದ ಈಡು ಹೊಡೆದಿದ್ದ. ಮೃಗ ಮುಗ್ಗರಿಸಿ, ಎದ್ದು, ಕಾಡು ಸೇರಿತು. ಕಣಿವೆ ಇಳಿದು ಹತ್ತಿ ಆ ಜಾಗ ತಲುಪಲು ಒಂದು ತಾಸು ಹಿಡಿಯಿತು. ರಕ್ತದ ನಾಲ್ಕು ಹನಿಗಳ ಹೊರತು ಬೇರೇನೂ ಸಿಗಲಿಲ್ಲ. ಅಷ್ಟರಲ್ಲಿ ಕತ್ತಲಾಯಿತು. ಮರುದಿನ ಇಡೀ ಹುಡುಕಿದರೂ ಕಾಣಲಿಲ್ಲವಂತೆ.

ಅವನು ಅಜಾಗರೂಕನಲ್ಲ ಎಂಬುದನ್ನು ಗಮನಿಸಬೇಕು. ತನ್ನ ತೋಟೆಗಳನ್ನು ಅವನೇ ಮನೆಯಲ್ಲಿ ತಯಾರಿಸುತ್ತಾನೆ. ಹಿತ್ತಾಳೆಯ ಕವಚಗಳನ್ನು ಒಂದೊಂದಾಗಿ ತೂಗಿ ಆರಿಸುತ್ತಾನೆ. ಮದ್ದನ್ನು ಗ್ರೇನಿನ ಹತ್ತನೆಯ ಒಂದಂಶದವರೆಗೆ, ಅಂದರೆ ಸುಮಾರು ಆರೂವರೆ ಮಿಲಿಗ್ರಾಮಿನ ಲೆಕ್ಕದಲ್ಲಿ ಅಳೆಯುತ್ತಾನೆ. ಕಾಗದದ ಗುರಿಯ ಮೇಲೆ ಅವನ ಗುಂಡುಗಳು ಒಂದರ ಪಕ್ಕದಲ್ಲೊಂದು ಬೀಳುತ್ತವೆ. ನಮ್ಮಲ್ಲಿ ಕೆಲವರು ಝಕಾತಿನ ಲೆಕ್ಕವನ್ನೂ ಅಷ್ಟು ಎಚ್ಚರದಿಂದ ಮಾಡುವುದಿಲ್ಲ! ಹಾಗಿದ್ದ ಮೇಲೆ ತಪ್ಪಿದ್ದೆಲ್ಲಿ?

ಗುಂಡಿನ ವಿಷಯ ಸ್ವಲ್ಪ ತಿಳಿದುಕೊಳ್ಳೋಣ. ಬೇಟೆಯ ಗುಂಡು ಮೈಯೊಳಗೆ ಹೊಕ್ಕಾಗ ಅಣಬೆಯಂತೆ ಅರಳಬೇಕು, ಆಗಲೇ ಗಾಯ ಅಗಲವಾಗಿ ಪ್ರಾಣ ಬೇಗ ಹೋಗುತ್ತದೆ. ಅರಳದಿದ್ದರೆ ಸಣ್ಣ ತೂತು ಮಾಡಿ ಹೊರಬೀಳುತ್ತದೆ. ಅತಿಯಾಗಿ ಅರಳಿದರೆ ಚರ್ಮದ ಕೆಳಗೇ ಪುಡಿಯಾಗಿ ಶ್ವಾಸಕೋಶವನ್ನು ಮುಟ್ಟುವುದೇ ಇಲ್ಲ. 1946ರಲ್ಲಿ ಕೆನಡಾದಲ್ಲಿ ಜಾನ್ ನೋಸ್ಲರ್ ಎಂಬಾತನ ಗುಂಡುಗಳು ಒಂದು ಮೂಸ್ ಮೃಗದ ಮೈಯೊಳಗೆ ಆಳಕ್ಕೆ ಇಳಿಯಲಿಲ್ಲ. ಆ ಕಹಿ ಅನುಭವದಿಂದಲೇ ಅವನು ನಡುವೆ ಲೋಹದ ಅಡ್ಡಗೋಡೆಯಿರುವ ‘ಪಾರ್ಟಿಶನ್’ ಗುಂಡನ್ನು ರೂಪಿಸಿದ. ಮುಂಭಾಗ ಅರಳುತ್ತದೆ, ಹಿಂಭಾಗ ಗಟ್ಟಿಯಾಗಿ ಮುಂದೆ ಸಾಗುತ್ತದೆ. ಅನಂತರ ಪೂರ್ತಿ ತಾಮ್ರದ ಗುಂಡುಗಳೂ ಬಂದವು.

ಆದರೆ ಅರಳಲು ವೇಗ ಬೇಕು. ನನ್ನ ಮಿತ್ರನ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 870 ಮೀಟರ್ ವೇಗದಲ್ಲಿರುತ್ತದೆ. 730 ಮೀಟರ್ ಕ್ರಮಿಸುವಷ್ಟರಲ್ಲಿ ಅದು 500ರ ಆಸುಪಾಸಿಗೆ ಇಳಿಯುತ್ತದೆ. ಹಲವು ಗಟ್ಟಿ ಗುಂಡುಗಳು ಆ ವೇಗದಲ್ಲಿ ಸರಿಯಾಗಿ ಅರಳುವುದಿಲ್ಲ. ಅಲ್ಲಿಯೂ ಅರಳಲೆಂದು ತೆಳುಕವಚದ ಸೀಸದ ಗುಂಡನ್ನು ಆರಿಸಿದರೆ, ಅದು ಹತ್ತಿರದಲ್ಲಿ ಎದುರಾದ ಮೃಗದ ಭುಜದ ಎಲುಬಿಗೆ ಬಡಿದು ಚೂರಾಗಬಹುದು. ಸೀಸದ ಆ ಚೂರುಗಳು ಮಾಂಸದಲ್ಲಿ ಉಳಿದು ಮಕ್ಕಳ ತಟ್ಟೆಗೂ ಬರುತ್ತವೆ. ಕ್ಯಾಲಿಫೋರ್ನಿಯದಲ್ಲಿ ಬೇಟೆಗಾರರು ಬಿಟ್ಟುಹೋದ ಕರುಳನ್ನು ತಿಂದು ಕಾಂಡರ್ ಹದ್ದುಗಳು ಸೀಸದ ವಿಷಕ್ಕೆ ಬಲಿಯಾದವು. 2019ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಲಾಗಿದೆ.

ಇನ್ನು ಗಾಳಿ. ಗಂಟೆಗೆ 16 ಕಿಲೋಮೀಟರಿನ ಅಡ್ಡಗಾಳಿ ಅಷ್ಟು ದೂರದಲ್ಲಿ ಅಂತಹ ಗುಂಡನ್ನು ಸುಮಾರು ಒಂದು ಮೀಟರ್ ಪಕ್ಕಕ್ಕೆ ತಳ್ಳುತ್ತದೆ. ಗಾಳಿಯನ್ನು ಅರ್ಧ ತಪ್ಪಾಗಿ ಅಂದಾಜಿಸಿದರೂ ಗುಂಡು ಎದೆಗೆ ಬೀಳದೆ ಹೊಟ್ಟೆಗೆ ಬೀಳುತ್ತದೆ. ಗಾಳಿಯ ಅಂದಾಜು ಸರಿಯಾದರೂ ಗುಂಡು ತಲುಪಲು ಒಂದು ಸೆಕೆಂಡಿಗಿಂತ ಹೆಚ್ಚು ಬೇಕು. ಅಷ್ಟರಲ್ಲಿ ಮೇಯುತ್ತಿರುವ ಮೃಗ ಒಂದು ಹೆಜ್ಜೆ ಮುಂದಿಟ್ಟರೆ? ಯಾವ ತಕ್ಕಡಿಯೂ ಆ ಹೆಜ್ಜೆಯನ್ನು ತೂಗಲಾರದು.

ಮಿತ್ರ ತನ್ನ ವಾದವನ್ನೂ ಬರೆದಿದ್ದಾನೆ. ತೋಳದ ಬಾಯಿಗೆ ಸಿಕ್ಕ ಮೃಗ ಇದಕ್ಕಿಂತ ಘೋರವಾಗಿ ಸಾಯುತ್ತದೆ. ಅಭ್ಯಾಸವಿಲ್ಲದವನು ನೂರು ಮೀಟರಿನಿಂದಲೂ ಗಾಯ ಮಾಡುತ್ತಾನೆ. ಎರಡೂ ನಿಜ. ಆದರೆ ತೋಳಕ್ಕೆ ಬೇರೆ ದಾರಿಯಿಲ್ಲ, ಹತ್ತಿರ ಹೋಗುವ ಆಯ್ಕೆ ನನ್ನ ಮಿತ್ರನಿಗಿತ್ತು. ನೂರು ಮೀಟರಿನಲ್ಲಿ ಗಾಯ ಮಾಡಿದವನು ಓಡಿಹೋಗಿ ಇನ್ನೂ ಉಸಿರಾಡುತ್ತಿರುವ ಮೃಗವನ್ನು ಬಿಸ್ಮಿ ಹೇಳಿ ಝಬಹ್ ಮಾಡಲು ಸಾಧ್ಯವಿದೆ. ಕಣಿವೆಯಾಚೆ ಇರುವವನಿಗೆ ಅದು ಸಾಧ್ಯವಿಲ್ಲ. ಕೊಯ್ಯುವಾಗಲೂ ಇಹ್ಸಾನ್ ಇರಲಿ, ಕತ್ತಿ ಹರಿತವಾಗಿರಲಿ, ಪ್ರಾಣಿಗೆ ನೆಮ್ಮದಿ ಸಿಗಲಿ ಎಂದು ಪ್ರವಾದಿವರ್ಯರು(ಸ) ಆದೇಶಿಸಿದ್ದಾರೆ. ಜೀವವಿರುವುದನ್ನು ಗುರಿಹಲಗೆಯನ್ನಾಗಿ ಮಾಡಿಕೊಳ್ಳುವುದನ್ನು ಕಠಿಣವಾಗಿ ವಿರೋಧಿಸಿದ್ದಾರೆ. ‘ಇಷ್ಟು ದೂರದಿಂದ ಹೊಡೆದೆ’ ಎಂದು ಹೇಳಿಕೊಳ್ಳುವ ಆಸೆಯಿಂದಲೇ ಕುದುರೆ ಎಳೆದರೆ ಎಲ್ಕ್ ಗುರಿಹಲಗೆಯಾಯಿತಲ್ಲವೇ? ಮಾಂಸ ಬೇಕಿದ್ದವನು ಇನ್ನೈನೂರು ಮೀಟರ್ ತೆವಳುತ್ತಾನೆ, ಅಥವಾ ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ.

ಗಾಯಗೊಂಡು ತಪ್ಪಿಸಿಕೊಂಡ ಮೃಗದ ಕಥೆ ಕಾಡಿನಲ್ಲೇ ಮುಗಿಯುವುದಿಲ್ಲ. 1907ರಲ್ಲಿ ಜಿಮ್ ಕಾರ್ಬೆಟ್ ಕುಮಾವೂನಿನಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದರು. ಅದು 436 ಮಂದಿಯನ್ನು ಬಲಿ ಪಡೆದಿತ್ತೆಂದು ಹೇಳಲಾಗುತ್ತದೆ. ಅದರ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು. ಹಿಂದೆಂದೋ ಯಾರೋ ಹೊಡೆದ ಗುಂಡೇ ಅದಕ್ಕೆ ಕಾರಣವೆಂದು ಕಾರ್ಬೆಟ್ ತೀರ್ಮಾನಿಸಿದರು. ಆ ಗುಂಡು ಹೊಡೆದವನಿಗೆ ತನ್ನ ಕೃತ್ಯದ ಫಲ ತಿಳಿಯಲೇ ಇಲ್ಲ.

ಇಷ್ಟನ್ನೂ ಬರೆದು ಮಿತ್ರನಿಗೆ ಕಳಿಸಿದ್ದೇನೆ. ಗುಂಡು ಬದಲಿಸುತ್ತೇನೆ, ತಾಮ್ರದ್ದು ತರಿಸಿದ್ದೇನೆ ಎಂದು ಉತ್ತರ ಬಂದಿದೆ. ಮುಂದಿನ ಅಕ್ಟೋಬರಿನಲ್ಲಿ ಮತ್ತೆ ಹೋಗುತ್ತಾನಂತೆ. ಎಷ್ಟು ದೂರದಿಂದ ಹೊಡೆಯುತ್ತಾನೆಂದು ಬರೆದಿಲ್ಲ, ನಾನು ಮತ್ತೊಮ್ಮೆ ಕೇಳಿದ್ದೇನೆ.