ಶಿಲೆಯ ನುಡಿ, ನಾಲಗೆಯ ನುಡಿ

ಶಿಲಾಶಾಸನದ ಒಂದಕ್ಷರ ಸವೆದರೂ ನಾವು ಮರುಗುತ್ತೇವೆ, ಅದು ಯುಕ್ತವೇ. ಮಂಜೇಶ್ವರದ ಗೋವಿಂದ ಪೈಯವರು (1883–1963) ಶಾಸನಗಳನ್ನಾಧರಿಸಿ ತುಳುನಾಡಿನ ಗತಕಾಲವನ್ನು ಶೋಧಿಸಿದರು. ಆದರೆ ಲಿಪಿಯಿಲ್ಲದ ನುಡಿಗೆ ಶಿಲೆಯ ಆಸರೆ ಎಲ್ಲಿಯದು? ನಮ್ಮ ಜಿಲ್ಲೆಯ ಕೊರಗ ಬಾಂಧವರ ನುಡಿ ಅಂತಹುದು. ಡಿ. ಎನ್. ಶಂಕರ ಭಟ್ಟರು 1971ರಲ್ಲಿ ಅದನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಗ್ರಂಥ ಉಳಿದೀತು, ಆಡುವವರು ಉಳಿಯಬೇಡವೇ?

ಬುಟ್ಟಿ ಹೆಣೆದು ಮಾರಲು ಬರುವ ಕೊರಗರು ನಮ್ಮೊಡನೆ ತುಳು, ಕನ್ನಡ, ಮಲಯಾಳಗಳಲ್ಲಿ ವ್ಯವಹರಿಸುತ್ತಾರೆ. ನಾಲ್ಕು ಭಾಷೆ ಬಲ್ಲೆವೆಂದು ಬೀಗುವ ವರ್ತಕರಲ್ಲಿ, ಅವರ ನುಡಿಯಲ್ಲಿ ಬುಟ್ಟಿಗೆ ಏನೆನ್ನುವರೆಂದು ಕೇಳಿದವರೆಷ್ಟು ಮಂದಿ? ನುಡಿಯನ್ನು ಬಿಡುವುದು ಅವರದೇ ಆಯ್ಕೆಯೆಂಬ ವಾದವುಂಟು, ನನಗದು ಒಪ್ಪಿಗೆಯಾಗದು. ಅಂಗಡಿಯ ಮುಂದೆ ತಾಯಿ ಮಗುವಿನೊಡನೆ ಆ ನುಡಿಯಾಡಿದರೆ ನಗುವವರಿದ್ದಾರೆ; ಮರುಸಲ ಮಗು ತುಳುವಿನಲ್ಲೇ ಉತ್ತರಿಸುತ್ತದೆ.