ಬರೆಯದೆ ಬಿಟ್ಟ ಮಾತು

ಅಜ್ಜಿಯ ಸತ್ಯವೇದಕ್ಕೆ ಗುಳೇದಗುಡ್ಡದ ಖಣದಲ್ಲಿ ಹೊಲಿದ ಹೊದಿಕೆಯಿದೆ. ಕುಪ್ಪಸ ಹೊಲಿಸಿ ಉಳಿದ ತುಂಡು ಅದು. ಪುಸ್ತಕದ ಮೊದಲ ಖಾಲಿ ಹಾಳೆಯಲ್ಲಿ ನಮ್ಮ ಮನೆಯಲ್ಲಿ ಹುಟ್ಟಿದವರ, ಸತ್ತವರ ಹೆಸರುಗಳನ್ನು ಅವಳು ಬರೆದಿಟ್ಟಿದ್ದಾಳೆ. ಹುಟ್ಟಿದವರ ಮುಂದೆ ಬರಿ ತಾರೀಖು. ಸತ್ತವರ ಮುಂದೆ ತಾರೀಖಿನ ಜೊತೆಗೆ ‘ಕರ್ತನಲ್ಲಿ ನಿದ್ರೆಹೋದರು’ ಎಂಬ ಮಾತು. ಅಜ್ಜನ ಮುಂದೆ ಹಾಗೆಯೇ ಇದೆ. ಎರಡು ವರ್ಷದ ಕೂಸಾಗಿದ್ದಾಗ ಜ್ವರದಲ್ಲಿ ಹೋದ ಅವಳ ಮೊದಲ ಮಗಳ ಮುಂದೆಯೂ ಹಾಗೆಯೇ. ಆ ಒಂದು ಸಾಲಿನಲ್ಲಿ ಮಾತ್ರ ಅಕ್ಷರಗಳು ಓರೆಯಾಗಿವೆ.

ಅಜ್ಜಿ 2009ರಲ್ಲಿ, 89ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಮನೆಯಲ್ಲಿ ಸಾಲಿ ಅಕ್ಕೋರು ನಾನೇ. ಅಕ್ಷರ ದುಂಡಗಿದೆ ಎಂದು ಬರೆಯುವ ಕೆಲಸ ನನಗೆ ಬಂತು. ಹೆಸರು ಬರೆದೆ, ತಾರೀಖು ಬರೆದೆ. ಅಲ್ಲಿಗೆ ಪೆನ್ನು ನಿಂತಿತು.

ನಮ್ಮದು ಬೆಟಗೇರಿ ಕಡೆಯ ಮನೆತನ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೂ ಬಂದರು. 1894ರ ಕನ್ನಡ ನಿಘಂಟಿನ ಕಿಟೆಲ್ ಸಾಹೇಬರು ಅದೇ ಮಿಶನ್ನಿನವರು. ಅಜ್ಜಿಗೆ ನಿಘಂಟಿನ ಸುದ್ದಿ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದ ದೊಡ್ಡ ಪುಸ್ತಕ ಒಂದೇ. ಅದನ್ನು ಬೆರಳಿಟ್ಟು, ತುಟಿ ಅಲುಗಿಸುತ್ತ ಓದುತ್ತಿದ್ದಳು. ಜರ್ಮನ್ ರಾಗದ ನಿಧಾನದ ಗೀತೆಗಳನ್ನು ಜೋಳದ ರೊಟ್ಟಿ ಬಡಿಯುವ ತಾಳಕ್ಕೆ ಹೊಂದಿಸಿಕೊಂಡು ಚುರುಕಾಗಿ ಹಾಡುತ್ತಿದ್ದಳು. ದೇವಾಲಯದಲ್ಲಿ ಅವೇ ಗೀತೆಗಳನ್ನು ಎಳೆದೆಳೆದು ಹಾಡುವುದನ್ನು ಕೇಳಿದಾಗ ಸಣ್ಣವಳಾದ ನನಗೆ, ಇವರಿಗೆ ಹಾಡಲು ಬರುವುದಿಲ್ಲ ಎನಿಸುತ್ತಿತ್ತು. ನನಗೆ ನಂಬಿಕೆ ಬಂದದ್ದು ಹಾಗೆ, ರೊಟ್ಟಿಯ ಜೊತೆಗೆ. ಯಾರೂ ಕೂರಿಸಿಕೊಂಡು ವಾದ ಮಾಡಿ ಒಪ್ಪಿಸಲಿಲ್ಲ.

ಹೋದದ್ದೂ ವಾದದಿಂದಲ್ಲ. 1997ರಲ್ಲಿ ನನ್ನ ತಮ್ಮ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಮಲಗಿದ. ಹದಿನೆಂಟು ರಾತ್ರಿ ನಾನು ಮೊಣಕಾಲೂರಿದೆ. ಅವನು ಉಳಿಯಲಿಲ್ಲ. ಅವನ ಹೆಸರಿನ ಮುಂದೆಯೂ ಅಜ್ಜಿ ಅದೇ ಮಾತನ್ನು ಬರೆದಳು, ಕೈ ನಡುಗದೆ. ಆಮೇಲೂ ನಾನು ಪ್ರತಿ ರವಿವಾರ ಅವಳ ಪಕ್ಕದಲ್ಲಿ ಕುಳಿತು ಹಾಡಿದೆ. ಒಳಗೆ ಏನೂ ಇಲ್ಲ ಎಂಬುದನ್ನು ಯಾರಿಗೂ ಹೇಳಲಿಲ್ಲ.

ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ಅಜ್ಜಿ ಕೇಳಿದಳು: “ತಂಗೀ, ಅಲ್ಲಿ ನಿಮ್ಮಜ್ಜ ಸಿಗತಾರಲಾ?”

“ಸಿಗತಾರ ಅಜ್ಜಿ.”

ಅಷ್ಟಕ್ಕೇ ಬಿಟ್ಟಿದ್ದರೆ ಒಳ್ಳೆಯದಿತ್ತು. ಅವಳು ಕಣ್ಣು ತೆರೆದು ನನ್ನ ಮುಖವನ್ನೇ ನೋಡಿ, “ಖರೇನ ನಂಬತೀಯೇನು ನೀನು?” ಎಂದಳು.

“ಹೂಂ, ನಂಬತೀನಿ” ಎಂದೆ.

“ಹಂಗಾರ ಪ್ರಾರ್ಥನಾ ಮಾಡು.”

ಕರ್ತನ ಪ್ರಾರ್ಥನೆ ಶುರುಮಾಡಿದೆ. ನಡುವೆ ನನಗೆ ಒಂದು ಸಾಲು ತಪ್ಪಿತು. ಮೊಮ್ಮಕ್ಕಳ ಹೆಸರನ್ನೇ ಒಮ್ಮೊಮ್ಮೆ ಮರೆಯುತ್ತಿದ್ದ ಅಜ್ಜಿ ಕಣ್ಣು ಮುಚ್ಚಿಕೊಂಡೇ ಆ ಸಾಲನ್ನು ಎತ್ತಿಕೊಟ್ಟಳು.

ಶಾಲೆಯಲ್ಲಿ ಸುಳ್ಳು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಈ ಸಂಗತಿಯನ್ನು ಗೆಳತಿಯೊಬ್ಬಳಿಗೆ ಹೇಳಿದಾಗ, “ಸಾಯೋರ ಸಮಾಧಾನಕ್ಕ ಹೇಳಿದ್ದು ಸುಳ್ಳು ಹ್ಯಾಂಗಾಗತದ?” ಎಂದಳು. ನಿಮ್ಮಲ್ಲಿ ಅನೇಕರು ಹಾಗೆಯೇ ಹೇಳುವಿರಿ. ಸಂತ ಅಗಸ್ಟೀನರು ಮಾತ್ರ ಒಪ್ಪುವುದಿಲ್ಲ. ಐದನೆಯ ಶತಮಾನದಲ್ಲಿ ಸುಳ್ಳಿನ ವಿರುದ್ಧ ಬರೆದ ಪುಸ್ತಕದಲ್ಲಿ ಅವರು ಇಂಥದೇ ಪ್ರಸಂಗವನ್ನು ಎತ್ತಿಕೊಳ್ಳುತ್ತಾರೆ. ಸಾವಿನಂಚಿನಲ್ಲಿರುವ ತಂದೆ ಮಗನ ಕ್ಷೇಮ ಕೇಳುತ್ತಾನೆ, ಮಗ ಸತ್ತಿದ್ದಾನೆ, ನಿಜ ಹೇಳಿದರೆ ತಂದೆಯ ಜೀವ ಹೋಗಬಹುದು. ಆಗಲೂ ಸುಳ್ಳು ಕೂಡದು ಎನ್ನುತ್ತಾರೆ, ತಮ್ಮ ಮನಸ್ಸು ಕರಗುತ್ತದೆಂದು ಒಪ್ಪಿಕೊಂಡೇ. 387ರಲ್ಲಿ ತಾಯಿ ಮೋನಿಕಾ ತೀರಿಕೊಂಡಾಗ ಎಲ್ಲರೆದುರು ಕಣ್ಣೀರನ್ನು ತಡೆದು, ಆಮೇಲೆ ಒಬ್ಬರೇ ಅತ್ತೆವೆಂದು ಬರೆದವರೂ ಅವರೇ. ಅದನ್ನು ಓದಿದ ಮೇಲೆ ಅವರ ಮೇಲಿನ ನನ್ನ ಸಿಟ್ಟು ಸ್ವಲ್ಪ ಇಳಿಯಿತು.

ಗೆಳತಿಯ ಮಾತನ್ನು ನಾನು ಒಪ್ಪದಿರುವುದಕ್ಕೆ ಕಾರಣ ಬೇರೆ. ಸಮಾಧಾನ ಬೇಕಾಗಿದ್ದವಳು ಅಜ್ಜಿಯೇ? ಗಂಡನನ್ನು, ಮಗಳನ್ನು, ಮೊಮ್ಮಗನನ್ನು ಮಣ್ಣು ಮಾಡಿ ಅದೇ ಕೈಯಿಂದ ಆ ಸಾಲು ಬರೆದವಳು ನನ್ನ ಅನುಮಾನವನ್ನು ಕೇಳಿ ಅಲ್ಲಾಡುತ್ತಿದ್ದಳೆ? ಬಹುಶಃ ಬೈಯುತ್ತಿದ್ದಳು, ಇಲ್ಲವೇ ಕೈ ಹಿಡಿದುಕೊಳ್ಳುತ್ತಿದ್ದಳು. ಹನ್ನೆರಡು ವರ್ಷ ಒಬ್ಬಳೇ ಹೊತ್ತಿದ್ದನ್ನು ಇಳಿಸಲು ಅವಳೇ ಜಾಗ ಮಾಡಿಕೊಟ್ಟಿದ್ದಳೋ ಏನೋ. ನಾನೇ ಹೆದರಿದೆ. ಅವಳ ಕಣ್ಣಲ್ಲಿ ಕೊನೆಯ ಸಲ ಸಣ್ಣವಳಾಗಿ ಕಾಣಬಾರದೆಂದು ಸುಳ್ಳಾಡಿದೆ. ಅದನ್ನು ಅವಳ ಹಿತ ಎಂದು ಕರೆದರೆ ಎರಡನೆಯ ಸುಳ್ಳಾಗುತ್ತದೆ.

ಹಾಳೆಯ ಮುಂದೆ ಪೆನ್ನು ನಿಂತದ್ದು ಇದಕ್ಕೇ. ನಮ್ಮ ಓಣಿಯಲ್ಲಿ ಯಾರೂ ಬರಿದೆ ಸಾಯುವುದಿಲ್ಲ. ಲಿಂಗೈಕ್ಯರಾಗುತ್ತಾರೆ, ಶಿವಾಧೀನರಾಗುತ್ತಾರೆ, ವೈಕುಂಠವಾಸಿಗಳಾಗುತ್ತಾರೆ. ಇಂಗ್ಲಿಷಿನ ಸೆಮೆಟರಿ ಎಂಬ ಮಾತಿನ ಮೂಲವೂ ಗ್ರೀಕಿನ ‘ಮಲಗುವ ಜಾಗ’ವೇ. ಇವೆಲ್ಲ ರೂಢಿಯ ಮಾತು, ಬರೆದುಬಿಡಬಹುದಿತ್ತು. ಆದರೆ ಅಜ್ಜಿ ರೂಢಿಗೆಂದು ಬರೆದವಳಲ್ಲ. ‘ತೀರಿಕೊಂಡಳು’ ಎಂದು ನಾನು ಬರೆದರೆ ಅದು ನನ್ನ ಮಾತಾಗುತ್ತದೆ, ಅವಳ ಪುಸ್ತಕದಲ್ಲಿ. ‘ನಿದ್ರೆಹೋದಳು’ ಎಂದರೆ ಅವಳ ಮಾತು, ನನ್ನ ಕೈಯಲ್ಲಿ.

ಗೋರಿಗೆ ಮಣ್ಣು ಹಾಕುವಾಗ ಯಾರೋ ಹಿರಿಯರು ನನಗೆ, ನಿರೀಕ್ಷೆ ಇರುವವರು ಅಳಬಾರದು ಎಂದರು. ಲಾಜರನನ್ನು ಇನ್ನೇನು ಎಬ್ಬಿಸಲಿದ್ದ ಯೇಸುವೇ ಅವನ ಗೋರಿಯ ಹತ್ತಿರ ಅತ್ತದ್ದು ಅವರಿಗೆ ನೆನಪಿರಲಿಲ್ಲ. ಆ ಕಥೆಯನ್ನು ನನಗೆ ಹೇಳಿದವಳು ಅಜ್ಜಿ. ನಂಬಿಕೆ ಹೋದರೂ ಕಥೆಗಳು ಹೋಗಿಲ್ಲ. ಅಳು ಬಂದಾಗ ಬಾಯಿಗೆ ಬರುವುದು ಅವಳು ಕಲಿಸಿದ ಪ್ರಾರ್ಥನೆಯೇ. ಯಾರಿಗೆ ಹೇಳುತ್ತಿದ್ದೇನೆ, ದೇವರಿಗೋ ಅವಳಿಗೋ, ನನಗೆ ಬಿಡಿಸಲಾಗುವುದಿಲ್ಲ.

ಕಳೆದ ಕ್ರಿಸ್ಮಸ್ಸಿಗೆ ಅವ್ವ ಪೆಟ್ಟಿಗೆಯಿಂದ ಆ ಪುಸ್ತಕ ತೆಗೆದು, ಚಾಳೀಸು ಏರಿಸಿಕೊಂಡು ಹಾಳೆ ನೋಡಿದಳು. “ಇದನ್ನ ಇನ್ನಾ ಪೂರಾ ಬರದೇ ಇಲ್ಲಲ್ಲ? ಶಾಯಿ ತೀರಿತ್ತೇನು?” ಎಂದಳು.

“ಬರೀತೀನಿ ಬಿಡವ್ವಾ” ಎಂದೆ.

ಅವಳು ನನ್ನನ್ನು ಒಂದು ಕ್ಷಣ ನೋಡಿ, ಖಣದ ಹೊದಿಕೆ ಸರಿಮಾಡಿ, ಪುಸ್ತಕವನ್ನು ಪೆಟ್ಟಿಗೆಗೆ ಹಾಕದೆ ನನ್ನ ಮೇಜಿನ ಮೇಲೆ ಇಟ್ಟುಹೋದಳು. ಅಲ್ಲೇ ಇದೆ.