ಏಕತಾರಿಗೆ ವಯಲಿನ್ ಸೇರಿದರೆ

"ಹಳೇ ಹಾಡೇ ಚಲೋ ಇದ್ವು, ಈಗ ಎಲ್ಲಾ ಕೆಡಿಸಿಬಿಟ್ರು." ಜಾನಪದವನ್ನು ಗಿಟಾರಿನ ಜೊತೆ ಹಾಡುವ ತಂಡವೊಂದು ಸ್ವಲ್ಪ ದೊಡ್ಡ ಸಂಗೀತದ ಕಡೆ ಹೊರಳಿದರೆ ಸಾಕು, ಈ ಮಾತು ಬರುತ್ತದೆ. ಆಡುವವರು ಬಹಳಷ್ಟು ಸಲ ನನ್ನಂಥವರೇ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯಿಂದ ಬೆಂಗಳೂರಿಗೆ ಬಂದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಊರು ನೆನೆಯುವವರು. ನಾವು ಬದಲಾಗಬಹುದು, ಹಾಡು ಮಾತ್ರ ಬದಲಾಗಬಾರದು. ಇದು ನ್ಯಾಯ ಏನ್ರಿ?

ಇಂಗ್ಲೆಂಡಿನ ಸ್ಟ್ರಾಬ್ಸ್ ತಂಡವನ್ನು ನೋಡಿ. 1960ರ ದಶಕದಲ್ಲಿ ಅಮೆರಿಕದ ಹಳ್ಳಿಗಾಡಿನ ಬ್ಲೂಗ್ರಾಸ್ ಹಾಡುತ್ತಾ ಶುರು ಮಾಡಿದವರು, ಆಮೇಲೆ ಜಾನಪದ ರಾಕ್‌ಗೆ ಬಂದರು. 1970ರಲ್ಲಿ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಸೇರಿದರು, ಮರುವರ್ಷವೇ ಯೆಸ್ ತಂಡಕ್ಕೆ ಹೋದರು. ಅವರು ಹೋದ ಮೇಲೂ ಸ್ಟ್ರಾಬ್ಸ್ ಹಿಂದಕ್ಕೆ ತಿರುಗಲಿಲ್ಲ. 1974ರ 'ಹೀರೋ ಆ್ಯಂಡ್ ಹೀರೋಯಿನ್' ಹೊತ್ತಿಗೆ ಅದು ಸಿಂಫನಿಯಂಥ ಪ್ರೊಗ್ರೆಸಿವ್ ರಾಕ್ ಆಗಿತ್ತು. ಆ ತುಂಬು ನಾದದ ಹಿಂದೆ ಇದ್ದದ್ದು ಮೆಲೊಟ್ರಾನ್ ಎಂಬ ಯಂತ್ರ. ಒಂದೊಂದು ಕೀ ಒತ್ತಿದಾಗಲೂ ಒಳಗೆ ಒಂದೊಂದು ಟೇಪ್ ಓಡಿ, ಮೊದಲೇ ರೆಕಾರ್ಡ್ ಮಾಡಿದ ವಯಲಿನ್ ಸ್ವರ ಬರುತ್ತದೆ. ಸುಮಾರು 8 ಸೆಕೆಂಡಿಗೆ ಟೇಪ್ ಮುಗೀತು. ಆದರೆ ಹಾಡು ಬರೆದು ಹಾಡುತ್ತಿದ್ದ ಡೇವ್ ಕಸಿನ್ಸ್ ಅಲ್ಲೇ ಇದ್ದರು. ಸುತ್ತಲಿನ ನಾದ ಬದಲಾಯಿತು, ಹಾಡುವ ದನಿ ಉಳಿಯಿತು.

ನಮ್ಮಲ್ಲೂ ಇದು ಹೊಸದಲ್ಲ. ಶಿಶುನಾಳ ಷರೀಫರ ಪದಗಳು ಏಕತಾರಿ, ದಮ್ಮಡಿ, ತಾಳದ ಜೊತೆ ಊರೂರು ತಿರುಗಿದವು. 1990ರಲ್ಲಿ ಸಿ. ಅಶ್ವಥ್ ಅವನ್ನು ಸಿನಿಮಾಕ್ಕೆ ತಂದರು. 2008ರಲ್ಲಿ ರಘು ದೀಕ್ಷಿತ್ ಮೊದಲ ಆಲ್ಬಮ್‌ನಲ್ಲೇ ಷರೀಫರ ಗುಡುಗುಡಿ ಪದವನ್ನು ರಾಕ್ ಮಾಡಿದರು.

ಶುದ್ಧವಾಗಿರಬೇಕು ಅನ್ನುವವರು ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ನೆನೆಯಲಿ. ದೂರದ ಕರ್ಬಲಾದ ಕಥೆ ನಮ್ಮ ಕಡೆ ಕನ್ನಡದ ರಿವಾಯತ್ ಪದವಾಗಿದೆ. ಹಲಗಿ ಬಡಿತಕ್ಕೆ ಹಿಂದೂ, ಮುಸ್ಲಿಂ ಇಬ್ಬರೂ ಕುಣೀತಾರ. ಬೆರಕೆ ತಪ್ಪು ಅಂದಿದ್ದರೆ ಆ ಪದಗಳು ಹುಟ್ಟುತ್ತಲೇ ಇರಲಿಲ್ಲ.

ಹಂಗಂತ ದೊಡ್ಡದಾದಾಗ ಏನೂ ಕಳೆಯೋದಿಲ್ಲ ಅನ್ನೋದೂ ಸುಳ್ಳು. ಭಜನೆಯಲ್ಲಿ ಹಾಡುವವ ನಡುವೆ ನಿಲ್ಲಿಸಿ ಅರ್ಥ ಹೇಳುತ್ತಾನೆ. ಕೂತವನೊಬ್ಬ "ಇನ್ನೊಮ್ಮೆ ಹೇಳೋ ಮಾರಾಯ" ಅಂದರೆ ಮತ್ತೆ ಹಾಡುತ್ತಾನೆ. ತಾಳ ಸಿಕ್ಕವರು ದನಿಗೂಡಿಸುತ್ತಾರೆ. ಅರವತ್ತು ಜನರ ವಾದ್ಯಮೇಳ ಹಂಗ ನಿಲ್ಲೋದಿಲ್ಲ, ಎಲ್ಲರ ಮುಂದೆಯೂ ಬರೆದಿಟ್ಟ ಸ್ವರ ಇರುತ್ತದೆ. ಅಲ್ಲಿ ಕೇಳುಗ ಪ್ರೇಕ್ಷಕನಾಗುತ್ತಾನೆ. ಇದು ನಿಜವಾದ ನಷ್ಟ.

ಇನ್ನೊಂದು ಪ್ರಶ್ನೆ ಋಣದ್ದು. ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಓಪನ್ ಸೋರ್ಸ್ ಕೋಡನ್ನು ಯಾರು ಬೇಕಾದರೂ ತಗೊಂಡು ಬದಲಿಸಬಹುದು. ಆದರೆ ಎಂಐಟಿ ಲೈಸೆನ್ಸ್ ಕೂಡ ಮೂಲದವರ ಹೆಸರು ಅಳಿಸಬೇಡಿ ಅನ್ನುತ್ತದೆ. ಜಿಪಿಎಲ್ ಇನ್ನೂ ಮುಂದೆ ಹೋಗಿ, ಹಂಚುವುದಾದರೆ ನೀವು ಮಾಡಿದ ಬದಲಾವಣೆಯನ್ನೂ ತೆರೆದಿಡಿ ಅನ್ನುತ್ತದೆ. ಹಾಡಿನ ಮುಂದೆ 'ಜಾನಪದ' ಅಂತ ಒಂದೇ ಪದ ಬರೆದರೆ, ಅದನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದವರು ಯಾರೂ ಅಲ್ಲ ಅಂದಂಗಾಯ್ತು. ಕೋಡಿಗೆ ಇರುವ ಮರ್ಯಾದೆ ಪದಕ್ಕೆ ಬೇಡವಾ?

ಆದ್ದರಿಂದ ವಾದ್ಯ ಎಷ್ಟು ಅನ್ನೋ ಲೆಕ್ಕ ಬಿಡೋಣ. ಎಲ್ಲಾ ತೆಗೆದು ಮತ್ತೆ ಏಕತಾರಿಗೆ ಕೊಟ್ಟರೆ ಆ ಪದ ನಿಲ್ಲುತ್ತದಾ? ಯಾರಿಂದ ಕಲಿತೆವು ಅಂತ ತಂಡದವರು ಹೇಳಿದರಾ? ಗಳಿಕೆಯಲ್ಲಿ ಅವರ ಪಾಲು ಅವರಿಗೆ ಮುಟ್ಟಿತಾ? ಇವಕ್ಕೆ ಹೌದು ಅಂದರೆ ನೂರು ವಯಲಿನ್ ಬರಲಿ. ಇನ್ನು ನಮಗೆ ಹಳೇದೇ ಬೇಕಂದ್ರ, ಊರಿನ ಭಜನಾ ಮಂಡಳಿ ಇನ್ನೂ ಹಾಡ್ತದ. ಹೋಗಿ ಕೂಡೋ ಕೆಲಸ ನಮ್ಮದು, ಅದನ್ನೂ ತಂಡದವರ ತಲೆಗೆ ಕಟ್ಟೋದು ಸರಿಯಲ್ಲ.